ಯಜಮಾನರ ಕವಿತೆಗೆ ಬಾರಿಸಿದ ಗಂಟೆ

ಕವಿಯ ಹೆಂಡತಿಯಾಗಿ ಹದಿನೆಂಟು ವರ್ಷ ಕಳೆದ ಮೇಲೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ: ನನಗೆ ಕವಿತೆ ಇಷ್ಟ, ಅದು ಮುಗಿಯುವುದು ಇನ್ನೂ ಇಷ್ಟ. ನಮ್ಮ ಯಜಮಾನರು ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಮ್ಯಾನೇಜರು. ಗಿರಣಿಯಲ್ಲಿ ಎರಡು ಮಾತಿಗೆ ಕೆಲಸ ಮುಗಿಸುವ ಮನುಷ್ಯ, ಮೈಕ್ ಕಂಡರೆ ಸಾಕು, ಭೂಮಿ ಹುಟ್ಟಿದಲ್ಲಿಂದ ಶುರುಮಾಡುತ್ತಾರೆ. ಮನೆಯಲ್ಲಾದರೆ ಹಾಲು ಉಕ್ಕಿತೆಂದು ಎದ್ದು ಹೋಗಬಹುದು. ಸಭೆಯಲ್ಲಿ ಹಾಲು ಎಲ್ಲಿಂದ ತರಲಿ?

ರಾಯಚೂರಿನಲ್ಲಿ ನಮ್ಮ ಕವಿಬಳಗ ಎರಡು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಸೇರುತ್ತದೆ. ಮೊದಲು ನಾಲ್ವರು ಆಹ್ವಾನಿತ ಕವಿಗಳು, ಆಮೇಲೆ ಓಪನ್ ಮೈಕ್. ಯಾರು ಬೇಕಾದರೂ ಹೆಸರು ಬರೆಸಿ ಓದಬಹುದು. ಆದರೆ ಆಹ್ವಾನಿತರು ಮುಗಿಸುವ ಹೊತ್ತಿಗೆ ಪಕ್ಕದ ಕೋಣೆಯಿಂದ ಬದನೆಕಾಯಿ ಪಲ್ಯದ ವಾಸನೆ ತೇಲಿಬಂದು, ಮೈಕಿನ ಎದುರು ಖಾಲಿ ಕುರ್ಚಿಗಳಷ್ಟೇ ಉಳಿಯುತ್ತಿದ್ದವು.

ಹೀಗೆ ಓದದೆ ಮರಳಿದವರಲ್ಲಿ ಶರೀಫಾಬಿ ಒಬ್ಬರು. ದೇವದುರ್ಗದಲ್ಲಿ ಒಣಮೆಣಸಿನಕಾಯಿ, ಹುಣಸೆಹಣ್ಣಿನ ಅಂಗಡಿ ಅವರದು. ಮನೆಮಾತು ದಖನಿ, ಬರೆಯುವುದು ಕನ್ನಡ. ಮೂರು ಸಲ ಬಸ್ಸು ಹತ್ತಿ ಬಂದು, ಮೂರು ಸಲವೂ ಹಾಳೆ ಮಡಚಿಕೊಂಡೇ ಹೋಗಿದ್ದರು. ಈ ಸಲ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, "ಅಕ್ಕೋರ, ಇವತ್ತೂ ನನ್ನ ಪಾಳಿ ಬರಲಿಲ್ಲಂದ್ರ ಮತ್ತ ಬರಂಗಿಲ್ರೀ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಚುಚ್ಚಿತು.

ನೇರ ಸಂಚಾಲಕರ ಬಳಿ ಹೋಗಿ, ಒಬ್ಬರಿಗೆ ಐದೇ ನಿಮಿಷ, ಗಂಟೆ ನಾನು ಬಾರಿಸುತ್ತೇನೆ ಎಂದೆ. ಶಾಲೆಯಲ್ಲಿ ಕನ್ನಡ ಕಲಿಸುವವಳಿಗೆ ಗಂಟೆಯೇನು ಹೊಸದೇ ಎಂದು ಅವರು ಒಪ್ಪಿದರು. ಆಹ್ವಾನಿತರಲ್ಲಿ ಮೊದಲ ಮೂವರು ಗಂಟೆಗೆ ಅಂಜಿ ಬೇಗ ಇಳಿದರು. ನಾಲ್ಕನೆಯವರು ನಮ್ಮವರು.

ಐದು ನಿಮಿಷವಾದರೂ ಅವರ ಕವಿತೆಯಲ್ಲಿ ಇನ್ನೂ ಬೆಳಗಾಗುತ್ತಲೇ ಇತ್ತು. ಬಾರಿಸಿದೆ. ಹಿನ್ನೆಲೆ ಸಂಗೀತವೆಂದುಕೊಂಡರೋ ಏನೋ, ದನಿ ಏರಿಸಿದರು. ಅತ್ತ ಶರೀಫಾಬಿ ಹಾಳೆ ಮಡಚತೊಡಗಿದ್ದರು. ನನಗೆ ತಡೆಯಲಾಗಲಿಲ್ಲ, ಶಾಲೆ ಬಿಡುವಾಗಿನಂತೆ ಒಂದೇ ಸಮನೆ ಬಾರಿಸಿದೆ. ಸಭೆ ನಕ್ಕಿತು. ಮನೆಗೆ ಹೋದ ಮೇಲೆ ನನ್ನ ಗತಿಯೇನೋ! ಯಜಮಾನರು ನನ್ನನ್ನೊಮ್ಮೆ, ಶರೀಫಾಬಿಯ ಕೈಯ ಹಾಳೆಯನ್ನೊಮ್ಮೆ ನೋಡಿದರು. "ಉಳಿದದ್ದು ಮನ್ಯಾಗ ಓದ್ತೀನಿ. ಬರ್ರಿ ಶರೀಫಾಬಿ" ಎಂದು, ಮೈಕನ್ನು ಅವರ ಎತ್ತರಕ್ಕೆ ತಾವೇ ಇಳಿಸಿಕೊಟ್ಟರು. ಹದಿನೆಂಟು ವರ್ಷಗಳಲ್ಲಿ ಅವರು ನನಗೆ ಇಷ್ಟು ಚಂದ ಕಂಡದ್ದು ಕಡಿಮೆ.

ಶರೀಫಾಬಿ ಓದಿದ್ದು ನಾಲ್ಕೇ ಸಾಲು:

"ನಮ್ಮ ಮನ್ಯಾಗ ಅಮ್ಮಿ,
ಪಕ್ಕದ ಮನ್ಯಾಗ ಯವ್ವಾ.
ಇಬ್ರೂ ನನ್ನ ಕೇಳೋದು ಒಂದ:
ಉಂಡ್ಯೇನು ಮಗಳ?"

ಊಟಕ್ಕೆ ಕಾದಿದ್ದ ಸಭೆ ಅಲ್ಲಾಡಲಿಲ್ಲ. ಹಿಂದಿನ ಸಾಲಿನವರು ಇನ್ನೊಮ್ಮೆ ಓದಲು ಕೇಳಿದರು. ಈ ಸಲ ಶರೀಫಾಬಿ ಹಾಳೆ ನೋಡದೆ ಹೇಳಿದರು. ಮುಂದಿನ ಸಭೆಯ ಆಹ್ವಾನಿತರಲ್ಲಿ ಸಂಚಾಲಕರು ಮೊದಲು ಬರೆದದ್ದು ಅವರ ಹೆಸರನ್ನೇ.

ಊಟವಾದ ಮೇಲೆ ಶರೀಫಾಬಿ ಆ ಹಾಳೆಯನ್ನು ನನ್ನ ಕೈಗಿಟ್ಟು, ತಪ್ಪಿದ್ದರೆ ತಿದ್ದಿಕೊಡಲು ಹೇಳಿದರು. ಕೆಂಪು ಪೆನ್ನು ತೆಗೆದು ಮೂರು ಸಲ ಓದಿದೆ. ತಿದ್ದುವಂಥದ್ದು ಒಂದೂ ಸಿಗಲಿಲ್ಲ. ಸುಮ್ಮನೆ ಹಿಂದಿರುಗಿಸಲು ನನ್ನ ಮೇಷ್ಟ್ರ ಬುದ್ಧಿ ಬಿಡಬೇಕಲ್ಲ, ಕೆಳಗೆ ದೊಡ್ಡದಾಗಿ 'ಚೆನಾಗಿದೆ' ಎಂದು ಬರೆದುಕೊಟ್ಟೆ. ಶರೀಫಾಬಿ ಅದನ್ನು ಓದಿ, ಬಹಳ ಸಂಕೋಚದಿಂದ ಕೇಳಿದರು: "ಅಕ್ಕೋರ, ಇಲ್ಲಿ ಒಂದು ಒತ್ತು ಬರ್ತದಲ್ರೀ?"

ಆ ಹಾಳೆಯಲ್ಲಿ ಕೆಂಪು ಪೆನ್ನಿಗೆ ಸಿಕ್ಕ ತಪ್ಪು ಅದೊಂದೇ.