ಮೊದಲಿನಕಿಂತ ಭಾರಿ ಮದುವೆ

"ರೀಮೇಕ್ ಅಂದ್ರ ಹಳಸಿದ ಸಾರಿಗೆ ಹೊಸಾ ಒಗ್ಗರಣಿ!"

ಕಲ್ಲೋಳಿಯ ಗೊಬ್ಬರದಂಗಡಿ ದುಂಡೇಶನ ಈ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಯೂರಿಯಾ ಕೊಳ್ಳಲು ಬಂದವರಿಗೆಲ್ಲ ಸಿನಿಮಾ ವಿಮರ್ಶೆ ಪುಕ್ಕಟೆ! ಗೋಕಾಕಿಗೆ ಹೋಗಿ ಯಾವುದಾದರೂ ಸಿನಿಮಾದ ಎರಡನೇ ಭಾಗ ನೋಡೋಣವೆಂದು ಹೆಂಡತಿ ಕಸ್ತೂರಿ ಕೇಳಿದರೆ, "ಒಂದನೇದರಾಗ ಸತ್ತಾಂವ ಎರಡನೇದರಾಗ ಎದ್ದು ಬರ್ತಾನ. ಅವನ ಮಾರಿ ನೋಡಾಕ ನಾ ರೊಕ್ಕಾ ಕೊಡಬೇಕೇನ?" ಎಂದು ಗುಡುಗುತ್ತಿದ್ದ.

ಅಂಥವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಕಸ್ತೂರಿ ಆಸೆಯಿಂದ ಮದುವೆಯ ವಿಡಿಯೊ ಕ್ಯಾಸೆಟ್ ಹೊರತೆಗೆದರೆ ಒಳಗೆಲ್ಲ ಬೂಷ್ಟು! ಆಕೆಯ ಅಳುಮೋರೆ ನೋಡಲಾರದೆ ದುಂಡೇಶ ಎದೆ ತಟ್ಟಿಕೊಂಡ.

"ಮದುವಿ ವಿಡಿಯೊ ಇನ್ನೊಮ್ಮೆ ತಗಿಯೂಣು. ಮೊದಲಿನಕಿಂತ ಭಾರಿ ತಗಿಯೂಣು!"

"ಅಂದ್ರ ರೀಮೇಕ್ ಅಲ್ರಿ?"

"ಬ್ಯಾರೆದವರು ಮಾಡಿದ್ರ ರೀಮೇಕ್. ನಾ ಮಾಡಿದ್ರ ಜೀರ್ಣೋದ್ಧಾರ!"

ಬಾಸಿಂಗ ಕೊಳ್ಳಲು ಮೂಡಲಗಿಗೆ ಹೋದಾಗ ಅಂಗಡಿಯವನು, "ಮದುಮಗ ಯಾರ್ರಿ?" ಎಂದ.

"ನಾನ! ಯಾಕ, ಕಾಣಂಗಿಲ್ಲೇನ?" ಎಂದು ದುಂಡೇಶ ಮೀಸೆ ತಿರುವಿದ.

ಪಕ್ಕದಲ್ಲೇ ನಿಂತಿದ್ದ ತುಕ್ಕಾನಟ್ಟಿಯ ಕಲ್ಲಪ್ಪ, ಕಸ್ತೂರಿಯ ತವರಿನ ನೆಂಟ, ಬೆವತುಹೋದ. ಹೊರಗೆ ಬಂದವನೇ ಕೊಣ್ಣೂರಿಗೆ, ಕಸ್ತೂರಿಯ ಅಣ್ಣ ಸತ್ತೆಪ್ಪನಿಗೆ, ಫೋನು ಹಚ್ಚಿದ: "ನಿನ್ನ ತಂಗಿ ಗಂಡ ಎರಡನೇ ಮದುವಿ ಆಗಾಕತ್ತಾನೋ ಮಾರಾಯಾ!"

ಚಿತ್ರೀಕರಣದ ದಿನ ಅಂಗಳದಲ್ಲಿ ಚಪ್ಪರ ಎದ್ದಿತು. ಹಳೆಯ ಮದುವೆ ಕೋಟಿಗೆ ದುಂಡೇಶನ ಹೊಟ್ಟೆ ಒಪ್ಪಲಿಲ್ಲವಾದ್ದರಿಂದ ಬೆನ್ನ ಹಿಂದೆ ಅದನ್ನು ಸೀಳಿ ಪಿನ್ನು ಚುಚ್ಚಲಾಗಿತ್ತು. ಬಾಸಿಂಗ ಕಟ್ಟಿಕೊಂಡು ಆತ ಗತ್ತಿನಿಂದ ನಿಂತ. ಫೋಟೊಗ್ರಾಫರ್ ಪ್ರಭು ಕ್ಯಾಮೆರಾ ಚಾಲೂ ಮಾಡಿದ. ಅಷ್ಟರಲ್ಲಿ ಒಂದು ಟೆಂಪೋ ಬಂದು ನಿಂತಿತು. ತುಂಬ ಜನ! ಎಲ್ಲರಿಗಿಂತ ಮೊದಲು ಜಿಗಿದ ಸತ್ತೆಪ್ಪ ಮದುಮಗನ ಕೊರಳಪಟ್ಟಿಗೇ ಕೈ ಹಾಕಿದ.

"ನನ್ನ ತಂಗಿ ಇರೂಮುಂದನ ಬಾಸಿಂಗಾ ಕಟ್ಟಿದೇನ?"

"ಅಣ್ಣಾರ, ಇದು ರೀಮೇಕ್..."

"ಅಕಿ ಹೆಸರು ಯಾಂವ ಕೇಳ್ಯಾನ? ಅಕಿನ್ನ ಹೊರಗ ಕರಿ!"

"ಅಕಿ ಒಳಗ ಸೀರಿ ಉಡಾಕತ್ತಾಳ್ರಿ!"

ಸತ್ಯವನ್ನೇ ಹೇಳಿದ್ದ, ಪಾಪ. ಕೆನ್ನೆಗೆ ಬಿತ್ತು ನೋಡಿ ಒಂದು! ಬಾಸಿಂಗ ಹಾರಿ ನೆರೆಮನೆಯ ಎಮ್ಮೆಯ ಮುಂದೆ ಬಿತ್ತು. ಕೋಟಿನ ಪಿನ್ನುಗಳೆಲ್ಲ ಕಿತ್ತವು. ಹಿಡಿದುಕೊಳ್ಳಲು ಹೋದ ಕಂಬದ ಜೊತೆಗೆ ಚಪ್ಪರವೂ ದುಂಡೇಶನ ಮೇಲೆ ಒರಗಿತು. ಗದ್ದಲ ಕೇಳಿ ಹೂದಂಡೆ ಮುಡಿದ ಮದುಮಗಳು ಹೊರಗೋಡಿ ಬಂದಳು.

"ಅಣ್ಣಾ, ಬಿಡೋ! ಅಕಿ ನಾನ!"

ಸತ್ತೆಪ್ಪನ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಟೆಂಪೋದ ಮಂದಿಯೆಲ್ಲ ಅಕ್ಕಿಕಾಳು ಹಾಕಿ, ಹುಗ್ಗಿ ಹೊಡೆದು, ನಕ್ಕು ನಕ್ಕು ಊರಿಗೆ ಹೋದರು.

ವಿಡಿಯೊ ತಯಾರಾದಾಗ ಅದೇ ಮಂದಿ ಮತ್ತೆ ಬಂದು ಟಿವಿ ಮುಂದೆ ಕುಳಿತರು. ತಾಳಿ ಕಟ್ಟುವುದನ್ನು ಯಾರೂ ನೋಡಲಿಲ್ಲ. "ಹೊಡ್ತಾ ಹಾಕ್ರಿ, ಹೊಡ್ತಾ!" ಎಂದು ಮತ್ತೆ ಮತ್ತೆ ಕೂಗಿದರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಕಸ್ತೂರಿ, "ಖರೇನ ಮೊದಲಿನಕಿಂತ ಭಾರಿ ಬಂದೈತ್ರಿ!" ಎಂದಳು.

ಸತ್ತೆಪ್ಪ ಮಾತ್ರ ನಗಲಿಲ್ಲ. ಗಂಭೀರವಾಗಿ ಟಿವಿ ನೋಡಿ, ದುಂಡೇಶನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ.

"ತಮ್ಮಾ, ಹೊಡಿಯೂಮುಂದ ನನ್ನ ಬೆನ್ನಷ್ಟ ಕಾಣತೈತಿ, ಮಾರಿ ಕಾಣವಲ್ದು. ಅದೊಂದ ಇನ್ನೊಮ್ಮೆ ತಗಿಯೂಣೇನ?"