ಎಳೆದಂತೆ ಜಾತಿ ಬದಲಿಸುವ ಮೀನು

ಅಖಿಲನಿಗೆ ಮೀನಿನ ಪರಿಚಯವಿತ್ತು, ಆದರೆ ಅದು ಮಸಾಲೆ ಮೆತ್ತಿಕೊಂಡು ತಟ್ಟೆಗೆ ಬಂದ ಮೇಲೆ ಮಾತ್ರ. ಅಜೆಕಾರಿನ ಗದ್ದೆ ಬಿಟ್ಟು ಕಾಪುವಿನ ಫ್ಲೆಕ್ಸ್ ಅಂಗಡಿಗೆ ಡಿಸೈನರ್ ಆಗಿ ಸೇರಿದವನಿಗೆ ಅಷ್ಟು ಜ್ಞಾನ ಸಾಕೆಂದು ಅವನೇ ತೀರ್ಮಾನಿಸಿಕೊಂಡಿದ್ದ. ಒಂದು ಬೆಳಿಗ್ಗೆ ಅಂಗಡಿಗೆ ಕೂಸಪ್ಪ ಬಂದ.

"ಸಂಜೆ ನನ್ನ ಮೀನಿನ ಹೋಟೆಲ್ ಓಪನಿಂಗ್ ಉಂಟು. ದೊಡ್ಡದೊಂದು ಫ್ಲೆಕ್ಸ್ ಬೇಕು. ಮೇಲೆ ನನ್ನ ಫೋಟೋ, ಕೆಳಗೆ ಫೋನ್ ನಂಬರ್, ನಡುವೆ ಒಂದು ಅಂಜಲ್ ಮೀನು."

"ಹೋಟೆಲಿನ ಹೆಸರು?"

"ಹೆಸರು ಯಾಕೆ? ನನ್ನ ಮುಖ ಉಂಟಲ್ವಾ?"

ಮಾಲೀಕ ಧನರಾಜ್ ಅಖಿಲನ ಕಿವಿಯ ಬಳಿ ಬಗ್ಗಿದ. "ಕಳೆದ ಸಲ ಮದುಮಗನ ಹೆಸರಿರಬೇಕಾದಲ್ಲಿ ನೀನು ಮಾವನ ಹೆಸರು ಹಾಕಿದೆ. ಈ ಫ್ಲೆಕ್ಸ್ ವಾಪಸ್ ಬಂದರೆ ನೀನು ಅಜೆಕಾರಿಗೆ ವಾಪಸ್."

ಅಖಿಲ ಕಂಪ್ಯೂಟರಿನಲ್ಲಿ ಬೆರಳುದ್ದದ ಮೀನೊಂದನ್ನು ತೆಳುಗೆರೆಯಲ್ಲಿ ಬಿಡಿಸಿದ. ಪಕ್ಕದಲ್ಲಿ ಮೀನು ಮಾರುವ ಸುಂದರಿ ಫ್ಯಾನಿನ ಗಾಳಿಗೆಂದು ಒಳಗೆ ಬಂದವಳು ಪರದೆಗೆ ಕಣ್ಣು ಹಾಕಿದಳು.

"ಇದೆಂತ ಮಾರಾಯ, ಬಂಗುಡೆ. ಅಂಜಲ್‌ಗೆ ಮೈ ಬೇಕು."

ಮೈ ಬರಿಸುವುದು ಮೌಸಿಗೆ ಯಾವ ಲೆಕ್ಕ? ಮೀನಿನ ಬೆನ್ನು ಹಿಡಿದು ಮೇಲಕ್ಕೆ ಎಳೆದ.

"ಈಗ ಅಗಲದ ಮಾಂಜಿ ಮೀನು ಆಯಿತು. ಸ್ವಲ್ಪ ಉದ್ದ ಮಾಡು."

ಬಾಲ ಹಿಡಿದು ಜೋರಾಗಿ ಎಳೆದ.

"ಇದು ಕಾಣೆ ಮೀನು. ನೋಡು, ಎಷ್ಟು ಚಂದದ ಕಾಣೆ."

ಇಡೀ ಅರಬ್ಬಿ ಸಮುದ್ರದ ಕೆಲಸವನ್ನು ಅಖಿಲ ಕೂತಲ್ಲೇ ಮುಗಿಸಿದ್ದ, ಅಂಜಲ್ ಒಂದನ್ನು ಬಿಟ್ಟು. ಕೂಸಪ್ಪನಿಗೆ ಹೊತ್ತಾಗುತ್ತಿತ್ತು.

"ಇನ್ನು ಎಳೆಯಬೇಡ. ಇವತ್ತು ಕಾಣೆಯೇ ಸ್ಪೆಷಲ್ ಮಾಡುವ. ಮೀನಿನಡಿ ದೊಡ್ಡ ಅಕ್ಷರದಲ್ಲಿ 'ಕಾಣೆ' ಅಂತ ಬರೆ."

ಅಖಿಲ ಬರೆದ. ಬೆರಳುದ್ದದ ಮೀನಿನ ಮೂಲೆ ಹಿಡಿದು ಫ್ಲೆಕ್ಸಿನಗಲಕ್ಕೆ ಹಿಗ್ಗಿಸಿ, ದೇವರ ಮೇಲೆ ಭಾರ ಹಾಕಿ ಪ್ರಿಂಟಿಗೆ ಕಳಿಸಿದ. ಚಿತ್ರ ಹಿಗ್ಗಿದಂತೆ ಗೆರೆಯೂ ದಪ್ಪವಾಗಲಿ ಎಂದು ಸಾಫ್ಟ್‌ವೇರಿಗೆ ಬೇರೆಯೇ ಹೇಳಬೇಕು. ಅದನ್ನು ಅವನು ಹೇಳಿರಲಿಲ್ಲ. ದೇವರೂ ಹೇಳಲಿಲ್ಲ.

ಹೆದ್ದಾರಿ ಬದಿಯಲ್ಲಿ ಫ್ಲೆಕ್ಸ್ ಕಟ್ಟಿದಾಗ ಮೀನಿನ ಗೆರೆ ಕೂದಲೆಳೆಯಷ್ಟೇ ಉಳಿದು, ಮೀನೇ ಮಾಯವಾಗಿತ್ತು. ಉಳಿದದ್ದು ಮೇಲೆ ಕೂಸಪ್ಪನ ಮುಖ, ಅದರಡಿ 'ಕಾಣೆ', ಅದರಡಿ ಫೋನ್ ನಂಬರ್. ಯಾರೋ ಪುಣ್ಯಾತ್ಮರು ಅದನ್ನು ವಾಟ್ಸಾಪಿಗೆ ಹಾಕಿದರು. ಕಾರ್ಕಳದಿಂದ ಕೂಸಪ್ಪನ ಭಾವ ಶೀನ ಅದೇ ನಂಬರಿಗೆ ಫೋನ್ ಮಾಡಿದ.

"ನಮ್ಮ ಕೂಸಪ್ಪ ಸಿಕ್ಕಿದನಾ?"

"ಭಾವ, ನಾನೇ ಕೂಸಪ್ಪ."

"ಸಿಕ್ಕಿದೆಯಲ್ಲ, ಸಾಕು. ಮನೆಯಲ್ಲಿ ಎಂತ ಜಗಳ?"

ಸಂಜೆಗೆ ಬಂಧುಬಳಗವೆಲ್ಲ ಸಮಾಧಾನ ಹೇಳಲು ಹೋಟೆಲಿಗೇ ಬಂತು. ಬಂದವರು ಬರಿಹೊಟ್ಟೆಯಲ್ಲಿ ಹೋಗಲಿಲ್ಲ. ಕಾಣೆ ಫ್ರೈ ಖಾಲಿಯಾಯಿತು. ಮಾಲೀಕನ ಜೊತೆ ಬಂದು ಬಾಗಿಲ ಮರೆಯಲ್ಲಿ ಅಡಗಿದ್ದ ಅಖಿಲನ ಎದುರೇ ಕೂಸಪ್ಪ ಧನರಾಜನ ಕೈ ಕುಲುಕಿದ.

"ಫಸ್ಟ್ ಕ್ಲಾಸ್ ಫ್ಲೆಕ್ಸ್. ಇನ್ನೂ ನಾಲ್ಕು ಬೇಕು, ಹೀಗೆಯೇ. ಫೋಟೋ, ಅಕ್ಷರ ಸಾಕು. ಚಿತ್ರ ಬೇಡವೇ ಬೇಡ."

ಅಖಿಲನಿಗೆ ಹೋದ ಜೀವ ಬಂದಂತಾಯಿತು. ಫ್ಲೆಕ್ಸ್ ವಾಪಸ್ ಬಂದಿರಲಿಲ್ಲ.

ಧನರಾಜ್ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈ ಇಟ್ಟ. "ಫೋಟೋ, ಅಕ್ಷರ ನಾನೇ ಹಾಕುತ್ತೇನೆ ಮಾರಾಯ. ನಾಳೆಯಿಂದ ನೀನೂ ಕಾಣೆ."