ಅಕ್ಕೋರ ಮೂರು ಗುರುವಾರಗಳು

ನಮ್ಮ ಶಾಲೆಯ ಬಿಸಿಯೂಟದ ಕೋಣೆಯಿಂದ ಒಂದು ಉಳ್ಳಾಗಡ್ಡಿ ಕಾಣೆಯಾಗಿತ್ತು. ಮಧ್ಯಮ ಗಾತ್ರ, ಕೆಂಪು ಬಣ್ಣ. ಕೊನೆಯದಾಗಿ ಕಂಡದ್ದು ಗುರುವಾರ ಬೆಳಿಗ್ಗೆ, ಬುಟ್ಟಿಯಲ್ಲಿ. ಹುಬ್ಬಳ್ಳಿಯ ಕಾಲೇಜೊಂದರ ಹುಡುಗ ಹುಡುಗಿಯರು ಮಕ್ಕಳ ಕೈಯಲ್ಲೇ ವಿಜ್ಞಾನ ಮಾಡಿಸಲು ಧಾರವಾಡದ ನಮ್ಮ ಸರ್ಕಾರಿ ಶಾಲೆಗೆ ಪ್ರತಿ ಗುರುವಾರ ಬರತೊಡಗಿದ ಮೇಲೆ ಇಂಥವು ನಡೆಯುತ್ತಲೇ ಇದ್ದವು. ನಾನು ಕನ್ನಡ ಮಾಸ್ತರ. ವಿಜ್ಞಾನದಲ್ಲಿ ನನ್ನ ಪಾಲು ಅವರಿಗೆ ಚಹಾ ತರಿಸುವುದು. ಉಳಿದ ಹೊತ್ತೆಲ್ಲ ನೋಡುತ್ತ ನಿಲ್ಲುತ್ತಿದ್ದೆ.

೧. ತನಿಖೆ

"ನನಗ ಆ ಕಾಲೇಜ ಹುಡುಗೂರ ಮ್ಯಾಲೇನ ಸಂಶಯ ಐತ್ರಿ ಸರ್ರ" ಎಂದಳು ಅಡುಗೆಯವಳು. ತನಿಖೆ ನಡೆಯಿತು. ಉಳ್ಳಾಗಡ್ಡಿ ಸಿಕ್ಕಿದ್ದು ವಿಜ್ಞಾನ ಕಲಿಸುವ ಅಕ್ಕೋರ ಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದರು.

"ಏನ್ರಿ ಅಕ್ಕೋರ ಇದು?" ಎಂದೆ.

"ಮೂವತ್ತೊಂದು ವರ್ಷ ಬೋರ್ಡಿನ ಮ್ಯಾಲೆ ಇದರ ಜೀವಕೋಶದ ಚಿತ್ರಾ ತಗದೇನ್ರಿ ಸರ್ರ. ಖರೇ ಜೀವಕೋಶ ಒಮ್ಮೆನೂ ನೋಡಿಲ್ಲ. ಟ್ರೇನಿಂಗಿನ್ಯಾಗ ಒಮ್ಮೆ ತೋರಿಸಿದ್ರು. ಅವತ್ತ ನಾ ಗೈರಹಾಜರು. ಇವತ್ತ ಕಾಲೇಜಿನವರು ಸೂಕ್ಷ್ಮದರ್ಶಕ ತರತಾರಂತ."

ಅಕ್ಕೋರು ಆ ತಿಂಗಳ ಕೊನೆಗೆ ನಿವೃತ್ತರಾಗುವವರು. ಅವತ್ತಿನದೂ ಸೇರಿ ಉಳಿದದ್ದು ಮೂರು ಗುರುವಾರ.

ಶಾಲೆಗೆ ಸೂಕ್ಷ್ಮದರ್ಶಕ ಇಲ್ಲವೆಂದಲ್ಲ. ಇದೆ, ಕಪಾಟಿನಲ್ಲಿದೆ. ಕಪಾಟಿನ ಕೀಲಿಕೈ ಹಿಂದಿನ ಹೆಡ್‌ಮಾಸ್ತರರ ಜೊತೆ ವರ್ಗವಾಗಿ ಹೋಗಿದೆ. ನಾವು ಪ್ರತಿವರ್ಷ ಕಪಾಟನ್ನು ಹೊರಗಿನಿಂದ ನೋಡಿ, ‘ಸೂಕ್ಷ್ಮದರ್ಶಕ ಒಂದು, ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕುತ್ತೇವೆ.

೨. ಕರೀ ಹುಲ್ಲು

ಮಧ್ಯಾಹ್ನ ಕಾಲೇಜಿನವರು ಬೆಂಚಿನ ಮೇಲೆ ತಮ್ಮ ಸೂಕ್ಷ್ಮದರ್ಶಕ ಇಟ್ಟರು. ಅಕ್ಕೋರ ಉಳ್ಳಾಗಡ್ಡಿಯ ತೆಳುಪೊರೆ ಸುಲಿದು ಗಾಜಿನ ಮೇಲೆ ಹರಡಿದರು. ಆರನೇ ಇಯತ್ತೆಯ ಮಕ್ಕಳು ಸಾಲಾಗಿ ನಿಂತರು. ಅಕ್ಕೋರು ಸಾಲಿನ ಕೊನೆಗೆ. ‘ಸಾಲ ಮುರೀಬಾರದು’ ಎಂದು ಮೂವತ್ತೊಂದು ವರ್ಷ ಹೇಳಿದವರು ಈಗ ಮುರಿಯುವುದು ಹೇಗೆ?

"ಏನ್ ಕಾಣಾಕತ್ತೈತಿ?" ಎಂದ ಕಾಲೇಜಿನ ಹುಡುಗ.

"ಕರೀ ಹುಲ್ಲ ಐತ್ರಿ ಅಣ್ಣಾರ" ಎಂದ ಮೊದಲನೆಯವ.

ಹುಡುಗ ಹಿಗ್ಗಿದ. ಅದೇ ಕೋಶಭಿತ್ತಿ ಎಂದು ಐದು ನಿಮಿಷ ವಿವರಿಸಿದ. ಮುಂದಿನವರಿಗೂ ಹುಲ್ಲೇ ಕಂಡಿತು. ಏಳನೆಯವಳು ಮಾತ್ರ, "ಅಣ್ಣಾರ, ನಾ ಕಣ್ಣ ಪಿಳಕಿಸಿದ್ರ ಹುಲ್ಲೂ ಅಳ್ಳಾಡತೈತ್ರಿ!" ಎಂದಳು.

ಎಲ್ಲರೂ ತಮ್ಮ ತಮ್ಮ ರೆಪ್ಪೆಗೂದಲು ನೋಡಿದ್ದರು. ಸರಿಮಾಡಿ ಮತ್ತೆ ಮೊದಲಿನಿಂದ ತೋರಿಸುತ್ತ ಸಾಲು ಅಕ್ಕೋರ ಹತ್ತಿರ ಬರುವಷ್ಟರಲ್ಲಿ ಕಾಲೇಜಿನ ವ್ಯಾನು ಹಾರ್ನ್ ಹೊಡೆಯಿತು.

"ಮುಂದಿನ ವಾರ ಮೊದಲು ನಿಮಗ ತೋರಸ್ತೇವ್ರಿ ಮೇಡಂ" ಎಂದ ಕಾಲೇಜಿನ ಹುಡುಗ.

"ಅವಸರೇನಿಲ್ಲ ತಗೋರಿ" ಎಂದರು ಅಕ್ಕೋರು. ಅವಸರವಿಲ್ಲದ ಅಕ್ಕೋರು ವ್ಯಾನಿನ ಹಿಂದೆ ಗೇಟಿನವರೆಗೂ ನಡೆದು ಹೋದರು.

೩. ಗೆರೆ ಬಿಡದ ಗಾಡಿ

ಎರಡನೇ ಗುರುವಾರ ಅವರು ಕಪ್ಪು ಗೆರೆ ಹಿಡಿದು ತಾನೇ ಓಡುವ ಸಣ್ಣ ಗಾಡಿ ತಂದರು. ಡ್ರಾಯಿಂಗ್ ಹಾಳೆಯ ಮೇಲೆ ಗೆರೆ ಬರೆದು ಬಿಟ್ಟರು. ಗಾಡಿ ಸುತ್ತು ಹೊಡೆಯಿತು, ಮಕ್ಕಳು ಚಪ್ಪಾಳೆ ಹೊಡೆದರು. ಆದರೆ ನಮ್ಮ ಶಾಲೆಯ ಕೆಂಪು ನೆಲಕ್ಕೆ ಗೋಡೆಯುದ್ದಕ್ಕೂ ಕಪ್ಪು ಪಟ್ಟಿಯಿದೆ. ಹಾಳೆ ಜಾರಿತು. ಗಾಡಿಗೆ ಆ ಪಟ್ಟಿ ಸಿಕ್ಕಿತು. ಅದು ಪಡಸಾಲೆ ದಾಟಿ, ಹೆಡ್‌ಮಾಸ್ತರರ ಕೋಣೆ ಹೊಕ್ಕು, ಸುತ್ತಿ ಬಂದು ಅಡುಗೆಕೋಣೆಯತ್ತ ನಡೆಯಿತು. ಹಿಂದೆ ಇಡೀ ಶಾಲೆ.

ಅಡುಗೆಯವಳು ಗಾಡಿಯನ್ನು ಬುಟ್ಟಿಯಲ್ಲಿ ಕವುಚಿ ಹಿಡಿದು, "ಉಳ್ಳಾಗಡ್ಡಿಗೆ ಬಂದಿತ್ರಿ ಇದು" ಎಂದಳು.

ಈ ಗದ್ದಲದಲ್ಲಿ ಸೂಕ್ಷ್ಮದರ್ಶಕ ಡಬ್ಬಿಯಿಂದ ಹೊರಗೇ ಬರಲಿಲ್ಲ. ಡಬ್ಬಿಯ ಪಕ್ಕದಲ್ಲಿ ಅಕ್ಕೋರು ಬಟ್ಟಲಿನ ನೀರಿನಲ್ಲಿ ಉಳ್ಳಾಗಡ್ಡಿಯ ಪೊರೆ ತೇಲಿಬಿಟ್ಟುಕೊಂಡು, ಕರೆಯುವವರಿಗಾಗಿ ಕಾಯುತ್ತ ನಿಂತಿದ್ದರು. ಪೊರೆ ಬಾಡಬಾರದೆಂದು ಎರಡು ಸಲ ನೀರು ಬದಲಿಸಿದರು.

೪. ಹಿಂದೆ ತಿರುಗ್

ಕೊನೆಯ ಗುರುವಾರ ಕಾಲೇಜಿನಲ್ಲಿ ಪರೀಕ್ಷೆ, ಬರುವುದಿಲ್ಲವೆಂದು ಫೋನ್ ಬಂತು. ಹೇಳಿದೆ. ಅಕ್ಕೋರು "ಪರೀಕ್ಷಾ ಮುಖ್ಯರಿ" ಎಂದರು. ಆಮೇಲೆ ಗೇಟು ಕಾಣುವ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡರು.

ಮೂರೂವರೆಗೆ ಕಾಲೇಜಿನ ಒಬ್ಬ ಹುಡುಗಿ ಬಂದಳು. ಪರೀಕ್ಷೆ ಮುಗಿಸಿ, ಹುಬ್ಬಳ್ಳಿಯ ವಿದ್ಯಾನಗರದಿಂದ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. "ಕಂಡಕ್ಟರ್ ನನಗ ಫ್ರೀ ಬಿಟ್ಟಾ, ಡಬ್ಬಿಗೆ ಟಿಕೆಟ್ ಹರದಾ" ಎಂದು ದೂರಿದಳು.

ಡಬ್ಬಿ ಕಂಡೊಡನೆ ಮಕ್ಕಳು ಸಾಲು ಕಟ್ಟಿದರು. ಅಕ್ಕೋರು ಮತ್ತೆ ಕೊನೆಗೆ.

"ಮುಂದ ಬರ್ರಿ ಮೇಡಂ."

"ಸಾಲ ಮುರೀಬಾರದವಾ."

ಕ್ಲಾಸ್ ಲೀಡರ್ ಹುಡುಗಿ ಒಂದು ಕ್ಷಣ ಯೋಚಿಸಿ, ಡ್ರಿಲ್ಲಿನ ದನಿಯಲ್ಲಿ ಕೂಗಿದಳು: "ಹಿಂದೆ... ತಿರುಗ್!"

ಸಾಲು ಒಟ್ಟಿಗೆ ತಿರುಗಿತು. ಕಾಲೇಜಿನ ಹುಡುಗಿ ಸೂಕ್ಷ್ಮದರ್ಶಕ ಹೊತ್ತುಕೊಂಡು ಆ ತುದಿಗೆ ಬಂದು, ಉಳ್ಳಾಗಡ್ಡಿಯ ಪೊರೆ ಹರಡಿದ ಗಾಜು ಇಟ್ಟಳು. ಸಾಲು ಮುರಿಯದೆ ಅಕ್ಕೋರು ಮೊದಲನೆಯವರಾದರು.

ಕನ್ನಡಕ ತೆಗೆದು ಬಗ್ಗಿದರು.

"ಏನ್ ಕಾಣಾಕತ್ತೈತ್ರಿ ಮೇಡಂ?"

"ಕೋಶಕೇಂದ್ರ ನಡಕಿಲ್ಲ. ಒಂದ ಬಾಜೂ ಸರದೈತಿ" ಎಂದರು ಅಕ್ಕೋರು, ಕಣ್ಣು ತೆಗೆಯದೆ. "ಗೆರಿ ನೆಟ್ಟಗಿಲ್ಲ. ಭಾಗಗಳ ಹೆಸರೂ ಬರದಿಲ್ಲ. ಐದಕ್ಕ ಎರಡ ಮಾರ್ಕ್ಸು."

ಮಕ್ಕಳು ನಕ್ಕರು. ಅಕ್ಕೋರು ತಲೆ ಎತ್ತಲಿಲ್ಲ. ಸೆರಗಿನಿಂದ ಒಮ್ಮೆ ಕಣ್ಣು ಒರೆಸಿಕೊಂಡು ಮತ್ತೆ ಬಗ್ಗಿದರು. ಹಿಂದೆ ನಿಂತವರಲ್ಲಿ ಯಾರೂ ‘ನಮ್ಮ ಪಾಳಿ’ ಎನ್ನಲಿಲ್ಲ.

ನಾಲ್ಕೂವರೆಗೆ ಶಾಲೆ ಬಿಟ್ಟಿತು. ಅವತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಒಬ್ಬರೇ. ತಿಂಗಳ ಕೊನೆಗೆ ಅವರು ನಿವೃತ್ತರಾದರು.